ಯಾರನ್ನ ನೋಡ್ಬೇಕಿತ್ತು?

ಮಾರ್ಚ್ ೪, ಮಂಗಳವಾರ

ಕರ್ನಲ್ ಹೋದರು. ತಿಂಡಿ ಹೊತ್ತಿಗೆ ಹೆಡ್ ಸಿಸ್ಟರ್ ತಿಳಿಸಿದರು. ನಿದ್ದೆಯಲ್ಲೇ. ಡಾಕ್ಟರ್ ಬಂದು ಹೃದಯಾಘಾತ ಎಂದು ಬರೆದುಕೊಟ್ಟರು. ಎಂಬತ್ತು ದಾಟಿದ ಮನುಷ್ಯ. ಸೈನ್ಯದಲ್ಲಿದ್ದವರಲ್ಲ, ಬಸ್ ಡಿಪೋದಲ್ಲಿದ್ದವರು. ಕರ್ನಲ್ ಎಂಬುದು ಮೀಸೆಯಿಂದ ಬಂದ ಹೆಸರು.

ಅಕ್ಕ ಬ್ರೆಡ್ಡನ್ನು ಹಾಲಿಗೆ ಅದ್ದುತ್ತಾ, "ನಿನ್ನೆ ಅವರನ್ನೇ ಕೇಳ್ಕೊಂಡು ಬಂದಿದ್ರಲ್ಲ ಮರಿ" ಎಂದಳು.

"ಯಾರು?"

"ಸಂಜೆ ಬರ್ತಾರಲ್ಲ, ಅವರು."

ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನ ಮಾತಿನಲ್ಲಿ ಈಚೆಗೆ ಯಾರ್ಯಾರೋ ಬರುತ್ತಾರೆ, ಹೋಗುತ್ತಾರೆ. ನನಗೆ ಅರವತ್ತೆಂಟು, ನಾನಿನ್ನೂ ಮರಿ. ಅಷ್ಟು ನೆನಪಿದ್ದರೆ ಸಾಕು. ನಾನು ಎದುರಿಗೆ ಕೂರದಿದ್ದರೆ ಅವಳು ಊಟ ಮುಟ್ಟುವುದಿಲ್ಲ. ನಾನು ಈ ವೃದ್ಧರ ಹೋಮಿನಲ್ಲಿ ಪಕ್ಕದ ರೂಮು ಹಿಡಿದದ್ದು ಅದಕ್ಕೇ.

ಮಧ್ಯಾಹ್ನ ಕರ್ನಲ್ ಅವರ ಹಾಸಿಗೆ ಬಿಸಿಲಿಗೆ ಹಾಕಿದ್ದರು.

ಮಾರ್ಚ್ ೫, ಬುಧವಾರ

ಸಿನಿಮಾದವರು ಹೋಗಿ ವಾರವಾಯಿತು. ಅವರು ಬಿಟ್ಟುಹೋದ ಅಭ್ಯಾಸ ಮಾತ್ರ ಹೋಗಿಲ್ಲ.

ಕಳೆದ ತಿಂಗಳು ಪೂರ್ತಿ ಇಲ್ಲಿ ಶೂಟಿಂಗ್. ದೆವ್ವದ ಸಿನಿಮಾ. ನರ್ಸಿಂಗ್ ಹೋಮಿಗೆ ದಿನಾ ಸಂಜೆ ಒಬ್ಬರು ಬರುತ್ತಾರೆ, ಯಾರನ್ನೋ ಕೇಳುತ್ತಾರೆ, ಅವರು ಸಾಯುತ್ತಾರೆ. ಅಷ್ಟೇ ಕಥೆ. ಡೈರೆಕ್ಟರ್ ಚಿಕ್ಕ ಹುಡುಗಿ, ಚುರುಕು. "ದೆವ್ವ ತೋರಿಸಲ್ಲ ಅಂಕಲ್. ತೋರಿಸಿದ್ರೆ ಜನ ನಗ್ತಾರೆ. ಖಾಲಿ ಕುರ್ಚಿ ಸಾಕು" ಎಂದಿದ್ದಳು. ಹಾಲ್‌ನಲ್ಲಿ ಕಿಟಕಿ ಪಕ್ಕ ಹಸಿರು ಕುಶನ್ನಿನ ಕುರ್ಚಿ ತಂದಿಟ್ಟರು. ಇಲ್ಲಿನವರನ್ನೇ ಸುತ್ತ ಕೂರಿಸಿ ತಾಲೀಮು ಮಾಡಿಸಿದರು. ನಾಲ್ಕು ಗಂಟೆ, ಟೀ ಹೊತ್ತು. ಬಾಗಿಲ ಕಡೆ ನೋಡಬೇಕು. ಯಾರೋ ನಡೆದು ಬಂದ ಹಾಗೆ ಕಣ್ಣು ಹೊರಳಿಸಬೇಕು. ಕುರ್ಚಿಯ ಹತ್ತಿರ ನಿಲ್ಲಿಸಬೇಕು. ತಪ್ಪಿದರೆ ಮತ್ತೆ ಮೊದಲಿಂದ. ದಿನಾ ಸಂಜೆ ಇದೇ.

ಡೈಲಾಗ್ ಇದ್ದದ್ದು ಅಕ್ಕನೊಬ್ಬಳಿಗೆ. "ಬನ್ನಿ, ಕೂತ್ಕೊಳ್ಳಿ. ಯಾರನ್ನ ನೋಡ್ಬೇಕಿತ್ತು?" ಜೀವಮಾನವಿಡೀ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಅವಳ ದನಿ ಕೇಳಿ ಸೌಂಡಿನವನೇ ಕೈಮುಗಿದಿದ್ದ.

ಇವರಲ್ಲಿ ಹೆಚ್ಚಿನವರಿಗೆ ಬೆಳಿಗ್ಗೆ ತಿಂದದ್ದು ಮರೆತುಹೋಗುತ್ತದೆ. ತಾಲೀಮು ಮಾತ್ರ ಮರೆತಿಲ್ಲ. ಇವತ್ತೂ ನಾಲ್ಕಕ್ಕೆ ಅಷ್ಟೂ ತಲೆ ಬಾಗಿಲ ಕಡೆ ತಿರುಗಿತು, ಕುರ್ಚಿಯವರೆಗೆ ಬಂತು, ನಿಂತಿತು. ಅಕ್ಕ ಕೇಳಿದಳು. ಆಯಾ ಖಾಲಿ ಕುರ್ಚಿಯ ಮುಂದೆ ಒಂದು ಕಪ್ ಟೀ ಇಟ್ಟಳು.

ಹೆಡ್ ಸಿಸ್ಟರ್‌ಗೆ ಹೇಳಿದೆ, ಸಿನಿಮಾ ಮುಗಿಯಿತಲ್ಲ, ಇನ್ನೂ ಯಾಕೆ ಈ ನಾಟಕ ಎಂದು.

"ಎದುರಾಡಬಾರದು ಅಣ್ಣಾ. ನಮ್ಮ ರೂಲ್ಸೇ ಅದು. ಗಂಡ ಬಂದಿದಾರೆ ಅಂದ್ರೆ ಹೌದು, ಚೆನ್ನಾಗಿದಾರಾ ಅನ್ನೋದು. ಇಲ್ಲ ಅಂದ್ರೆ ಅವರಿಗೆ ಎಲ್ಲಾ ಕಳಕೊಂಡ ಹಾಗಾಗತ್ತೆ."

"ಕುರ್ಚಿ ಯಾಕೆ ಬಿಟ್ಟುಹೋದ್ರು?"

"ಏನೋ ಪ್ಯಾಚ್ ವರ್ಕ್, ಬಿಟ್ಟುಹೋದ ಶಾಟ್ ಉಳಿದಿರಬಹುದಂತೆ. ಅಲ್ಲೇ ಇರ್ಲಿ, ಅಲುಗಿಸಬೇಡಿ ಅಂದಿದಾರೆ."

ಮಾರ್ಚ್ ೭, ಶುಕ್ರವಾರ

ಟೀ ಹೊತ್ತು. ಅಕ್ಕ ಕುರ್ಚಿಯ ಕಡೆ ಸ್ವಲ್ಪ ಬಾಗಿ ಕೇಳಿಸಿಕೊಂಡಳು. ತಲೆಯಾಡಿಸಿದಳು. ಆಯಾ ಕಡೆ ತಿರುಗಿ, "ಬಾಲ್ಕನಿ ಅಜ್ಜಿ ಬೇಕಂತೆ" ಎಂದಳು.

ಬಾಲ್ಕನಿ ಅಜ್ಜಿ ಎಂದರೆ ಇಡೀ ದಿನ ಬಾಲ್ಕನಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುವವರು. ಆಯಾ ಕಪ್ ಎತ್ತುತ್ತಾ, "ಆಯ್ತು ಅಮ್ಮಾ, ಕಳಿಸ್ತೀವಿ ಅಂತ ಹೇಳ್ಬಿಡಿ" ಎಂದಳು.

"ಕಳಿಸ್ತಾರಂತೆ" ಎಂದಳು ಅಕ್ಕ, ಕುರ್ಚಿಗೆ.

ಮಾರ್ಚ್ ೮, ಶನಿವಾರ

ಬಾಲ್ಕನಿ ಅಜ್ಜಿ ತೀರಿಕೊಂಡರು. ಮಧ್ಯಾಹ್ನ ಊಟವಾದ ಮೇಲೆ, ಕೂತಲ್ಲೇ. ಅಡುಗೆಯವನು ನೋಡಿ ಹೇಳಿದ. ಬೈಗುಳ ನಿಂತಿದೆಯಲ್ಲ ಎಂದು ಹೋಗಿ ನೋಡಿದನಂತೆ.

ತೊಂಬತ್ತಾಗಿತ್ತು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ. ಇಂಥ ಜಾಗದಲ್ಲಿ ಸಾವು ಸುದ್ದಿಯಲ್ಲ. ಎರಡು ಸಾವು ಎರಡು ಸಾವು, ಅಷ್ಟೇ. ಒಂದೇ ಮೂಲದ ಮಾತನ್ನು ನಂಬಿ ಪತ್ರಿಕೆಯ ಡೆಸ್ಕಿನಲ್ಲಿ ಯಾವತ್ತೂ ಒಂದು ಸಾಲು ಅಚ್ಚಿಗೆ ಬಿಟ್ಟವನಲ್ಲ. ಈಗಲೂ ಬಿಡುವುದಿಲ್ಲ.

ಆದರೂ ರಾತ್ರಿ ಊಟ ಸೇರಲಿಲ್ಲ.

ಮಾರ್ಚ್ ೧೦, ಸೋಮವಾರ

ಬೆಳಿಗ್ಗೆ ಯಾರಿಗೂ ಹೇಳದೆ ಕುರ್ಚಿಯನ್ನು ಸ್ಟೋರ್ ರೂಮಿಗೆ ತಳ್ಳಿದೆ. ಮೇಲೆ ಹಳೇ ಚಾದರ ಹೊದಿಸಿದೆ.

ನಾಲ್ಕಕ್ಕೆ ತಲೆಗಳು ತಿರುಗಿದವು. ಕಿಟಕಿಯ ಹತ್ತಿರ ಬಂದು ನಿಂತವು. ಆಮೇಲೆ ಗದ್ದಲ. "ನಿಂತೇ ಇದ್ದಾರಲ್ಲ", "ಕೂರಿಸೋದು ಬಿಟ್ಟು ಏನ್ ನೋಡ್ತೀರಿ". ಇಲ್ಲೇ ಇರುವ ನಿವೃತ್ತ ಲೈಬ್ರರಿ ಟೀಚರ್ ಅಳತೊಡಗಿದರು. ಯಾರೋ ಕಪ್ ಎಸೆದರು. ಅಕ್ಕ ಎದ್ದು ತನ್ನ ಕುರ್ಚಿಯನ್ನೇ ಕಿಟಕಿಯ ಕಡೆ ಎಳೆಯಲು ಹೊರಟಳು. ನಾನು ಅವಳ ಕೈ ಹಿಡಿದುಕೊಂಡೆ. ಹೆಡ್ ಸಿಸ್ಟರ್ ಓಡಿಹೋಗಿ ಹಸಿರು ಕುರ್ಚಿ ತಂದು ಹಾಕಿದರು. ಎಲ್ಲರೂ ತಣ್ಣಗಾದರು.

ಹೆಡ್ ಸಿಸ್ಟರ್ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಪೇಪರ್‌ನವರು ಬುದ್ಧಿವಂತರು ಅನ್ಕೊಂಡಿದ್ದೆ. ಹೀಗೆಲ್ಲ ಮಾಡ್ಬಾರ್ದು ಅಣ್ಣಾ."

ತಲೆ ತಗ್ಗಿಸಿ ಹೇಳಿಸಿಕೊಂಡೆ. ಎಲ್ಲರೂ ಹೋದ ಮೇಲೆ ಕುರ್ಚಿ ಸರಿಯಾಗಿಡಲು ಹೋದೆ. ಕುಶನ್ ನಡುವೆ ತಗ್ಗು ಬಿದ್ದಿತ್ತು. ಅಂಗೈ ಇಟ್ಟೆ. ಬೆಚ್ಚಗಿತ್ತು, ಯಾರೋ ಈಗ ಎದ್ದುಹೋದ ಹಾಗೆ. ನೋಡನೋಡುತ್ತಾ ಮೆಲ್ಲಗೆ ಉಬ್ಬಿ ಸಮನಾಯಿತು.

ಕಿಟಕಿಯಿಂದ ಬಿಸಿಲು ಬರುತ್ತದೆ... ಎಂದು ಬರೆಯಬಹುದು. ಆ ಕಿಟಕಿ ಉತ್ತರಕ್ಕಿದೆ.

ಮಾರ್ಚ್ ೧೩, ಗುರುವಾರ

ನಿನ್ನೆ ಲೈಬ್ರರಿ ಟೀಚರನ್ನು ಕೇಳಿದರು.

ಅಕ್ಕ ಹೇಳಿದ್ದನ್ನು ನಾನೇ ಕೇಳಿದೆ. ಟೀಚರ್ ಆ ಹೊತ್ತಿಗೆ ಮೂಲೆಯಲ್ಲಿ ತಂಗಿಯ ಜೊತೆ ಫೋನಿನಲ್ಲಿದ್ದರು. ಅವರ ಫೋನ್ ಎಂದರೆ ಎಲ್ಲರಿಗೂ ಗೊತ್ತು, ಟೀ ತಣ್ಣಗಾಗಿ ಕೆನೆ ಕಟ್ಟಿದರೂ ಮುಗಿಯುವುದಿಲ್ಲ. ಅಕ್ಕ ಆ ಕಡೆ ನೋಡಿದಳು. ಕುರ್ಚಿಯ ಕಡೆ ತಿರುಗಿ, ಹಳೇ ಡ್ಯೂಟಿ ದನಿಯಲ್ಲಿ ಹೇಳಿದಳು: "ಕ್ಷಮಿಸಿ, ಎಂಗೇಜ್ ಇದೆ."

ಇವತ್ತು ಬೆಳಿಗ್ಗೆ ಎದ್ದವನೇ ಟೀಚರ್ ರೂಮಿಗೆ ಹೋದೆ. ಚೆನ್ನಾಗಿದ್ದಾರೆ. ಇಷ್ಟು ಬೆಳಿಗ್ಗೆ ಗಂಡಸರು ಹೀಗೆ ಬಾಗಿಲು ತಟ್ಟಬಾರದು ಎಂದು ಗದರಿದರು. ಇಷ್ಟು ಸಂತೋಷದಿಂದ ಬೈಸಿಕೊಂಡದ್ದು ನೆನಪಿಲ್ಲ.

ಸಂಜೆಯೂ ಚೆನ್ನಾಗಿದ್ದರು.

ಮಾರ್ಚ್ ೧೪, ಶುಕ್ರವಾರ

ಅಕ್ಕನ ಜೊತೆ ಕೂತು ಬಿಡಿಸಿ ಬಿಡಿಸಿ ಕೇಳಿದೆ.

"ಯಾರಕ್ಕಾ ಅವರು?"

"ಅದನ್ನ ಕೇಳಬಾರದು ಮರಿ. ಆಪರೇಟರ್ ಕೇಳೋದು ಯಾರು ಬೇಕು ಅಂತ. ನೀವ್ಯಾರು ಅಂತ ಅಲ್ಲ."

"ನೋಡೋಕೆ ಹೇಗಿದ್ದಾರೆ?"

"ಇದ್ದಾರೆ, ನಮ್ಮ ಹಾಗೇ. ಸುಸ್ತಾಗಿರತ್ತೆ ಪಾಪ. ಬಹಳ ದೂರದಿಂದ ಬರ್ತಾರೆ ಅನ್ಸತ್ತೆ."

"ಇನ್ನು ಮೇಲೆ ಯಾರನ್ನ ಕೇಳಿದ್ರೂ ಇಲ್ಲ ಅಂದ್ಬಿಡು."

ಅಕ್ಕ ನನ್ನನ್ನು ನೋಡಿದ ನೋಟ — ಚಿಕ್ಕವನಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ ನೋಡುತ್ತಿದ್ದಳಲ್ಲ, ಅದೇ. "ಇಲ್ಲದೋರನ್ನ ಇಲ್ಲ ಅನ್ನಬಹುದು. ಇರೋರನ್ನ ಹೇಗೋ ಇಲ್ಲ ಅನ್ನೋದು? ನನ್ನ ಸರ್ವೀಸಲ್ಲಿ ಒಂದು ದಿನ ಹಾಗೆ ಮಾಡಿಲ್ಲ."

"ಎಂಗೇಜ್ ಅನ್ನಬಹುದಾ?"

"ಎಂಗೇಜ್ ಇದ್ರೆ ಎಂಗೇಜ್ ಅನ್ನೋದು. ಮಾತಾಡ್ತಿರೋರ ಮಧ್ಯೆ ಹೋಗೋಕೆ ಆಗತ್ತಾ?"

ಆಯಾಗೂ ಹೆಡ್ ಸಿಸ್ಟರ್‌ಗೂ ಹೇಳಿದೆ, ಕಳಿಸ್ತೀವಿ ಎಂದು ಮಾತ್ರ ಅನ್ನಬೇಡಿ ಎಂದು. ಆಯಾ ಹೆಡ್ ಸಿಸ್ಟರ್ ಮುಖ ನೋಡಿದಳು. ಹೆಡ್ ಸಿಸ್ಟರ್ ನನಗೆ "ಹೌದು ಅಣ್ಣಾ, ಆಯ್ತು ಅಣ್ಣಾ" ಎಂದರು. ಅಕ್ಕನಿಗೆ ಹೇಳುವ ದನಿಯಲ್ಲೇ.

ಮಾರ್ಚ್ ೧೭, ಸೋಮವಾರ

ಇವತ್ತು ಅಕ್ಕನನ್ನು ಕೇಳಿದರು.

ಎಲ್ಲ ಎಂದಿನಂತೆ ನಡೆಯಿತು. ಬನ್ನಿ, ಕೂತ್ಕೊಳ್ಳಿ, ಯಾರನ್ನ ನೋಡ್ಬೇಕಿತ್ತು. ಅಕ್ಕ ಬಾಗಿ ಕೇಳಿಸಿಕೊಂಡಳು. ಮುಖ ಅರಳಿತು. ತನ್ನನ್ನು ಯಾರೋ ಕೇಳಿಕೊಂಡು ಬಂದರಲ್ಲ ಎಂಬ ಸಂಭ್ರಮ. ಹುಬ್ಬು ಏರಿಸಿ ನನ್ನ ಕಡೆ ನೋಡಿದಳು. "ನನ್ನನ್ನೇ ಕೇಳ್ತಿದಾರೆ ಮರಿ."

ಉತ್ತರ ಕೊಡಲು ಬಾಯಿ ತೆರೆದಳು. ನನ್ನ ಕೈಯಲ್ಲಿ ಪೇಪರ್ ಇತ್ತು. ಏನು ಸಿಕ್ಕಿತೋ ಅದನ್ನು ಜೋರಾಗಿ ಓದಿದೆ. ಒಂದು ಸೇತುವೆ ದುರಸ್ತಿ, ಒಂದು ಟೆಂಡರ್. "ಅಕ್ಕಾ, ಕೇಳ್ತಿದೀಯಾ? ನಿನ್ನ ಜೊತೆ ಮಾತಾಡ್ತಿದೀನಿ. ಅಕ್ಕಾ. ಉತ್ತರ ಕೊಡು ನಂಗೆ. ಈ ಸೇತುವೆ ಮೇಲೆ ನಾವು ಓಡಾಡಿದ್ವಾ?"

ಅವಳು ಯೋಚಿಸಿದಳು. "ಸೈಕಲ್ಲಲ್ಲಿ. ನೀನು ಮುಂದೆ ಕೂತಿದ್ದೆ. ಕಾಲು ಚಕ್ರಕ್ಕೆ ಕೊಟ್ಟೆ." ಆಮೇಲೆ ಕುರ್ಚಿಯ ಕಡೆ ಅರ್ಧ ತಿರುಗಿ, ವಿನಯವಾಗಿ, "ಎಂಗೇಜ್ ಇದೆ. ನಾಳೆ ಪ್ರಯತ್ನಿಸಿ."

ಕಪ್ಪುಗಳನ್ನು ಎತ್ತುವವರೆಗೂ ಮಾತು ನಿಲ್ಲಿಸಲಿಲ್ಲ. ಅಂಗಿ ಬೆನ್ನಿಗೆ ಅಂಟಿತ್ತು.

ಮಾರ್ಚ್ ೧೮, ಮಂಗಳವಾರ

ಕೇಳಿದರು. ಎಂಗೇಜ್.

ಮಾರ್ಚ್ ೧೯

ಎಂಗೇಜ್. ಪೇಪರಿನ ಎಲ್ಲ ಪುಟ ಮುಗಿದವು, ಶ್ರದ್ಧಾಂಜಲಿ ಕಾಲಂ ಬಿಟ್ಟು.

ಮಾರ್ಚ್ ೨೨, ಶನಿವಾರ

ಎರಡು ದಿನ ಬರೆಯಲು ಆಗಲಿಲ್ಲ. ಗಂಟಲು ಕಟ್ಟಿದೆ. ಬಿಸಿನೀರು, ಉಪ್ಪು.

ಅಕ್ಕನ ಜೊತೆ ನಾನು ಹೀಗೆ ಮಾತಾಡಿದವನೇ ಅಲ್ಲ. ಅವಳು ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಈಗ ದಿನಾ ನಾಲ್ಕಕ್ಕೆ ಕುರ್ಚಿಗೆ ಬೆನ್ನು ಮಾಡಿ ಕೂರುತ್ತೇನೆ. ಅವಳ ಎರಡೂ ಕೈ ಹಿಡಿದುಕೊಳ್ಳುತ್ತೇನೆ. ಮಾತು, ಮಾತು. ನಿಂತರೆ ಅವಳ ಕಣ್ಣು ನನ್ನ ಭುಜದ ಮೇಲಿಂದ ಹಿಂದಕ್ಕೆ ಹೋಗುತ್ತದೆ. ಆಗ ಮತ್ತೊಂದು ಮಾತು ಹುಡುಕಬೇಕು.

ಇವತ್ತು ಅವಳೇ ಹೇಳಿದಳು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಸುದ್ದಿಯನ್ನು ಫೋನಿನಲ್ಲೇ ಓದಿ ಹೇಳಬೇಕಿತ್ತು. ಟ್ರಂಕ್ ಕಾಲ್, ಆಪರೇಟರ್ ಜೋಡಿಸಿದರಷ್ಟೇ ಸಿಗುವ ಲೈನು. ದೊಡ್ಡ ದೊಡ್ಡವರು ಕಾಯುತ್ತಿದ್ದರೂ ನನಗೆ ಬೇಗ ಲೈನ್ ಸಿಗುತ್ತಿತ್ತು. ನನ್ನ ಅದೃಷ್ಟ ಎಂದುಕೊಂಡಿದ್ದೆ.

"ಅದೃಷ್ಟ ಅಂತೆ. ನಾನು ಕೊಡ್ತಿದ್ದೆ ಕಣೋ. ಪೂರ್ತಿ ಕೇಳಿಸ್ಕೊಳ್ತಾ ಇದ್ದೆ. ಕೇಳಬಾರದು, ಆದ್ರೂ. ಎಷ್ಟು ತಪ್ಪು ಓದ್ತಿದ್ದೆ ನೀನು."

ನಕ್ಕೆ. ಇಬ್ಬರೂ ನಕ್ಕೆವು. ಬೆನ್ನ ಹಿಂದೆ ಕುರ್ಚಿ ಕಿರ್ರೆಂದಿತು, ಕೂತವರು ಮಗ್ಗುಲು ಬದಲಿಸಿದ ಹಾಗೆ. ತಿರುಗಿ ನೋಡಲಿಲ್ಲ.

ಮಾರ್ಚ್ ೨೪, ಸೋಮವಾರ

ಸಿನಿಮಾದವರು ಮತ್ತೆ ಬರುತ್ತಾರೆ. ಮ್ಯಾನೇಜರ್ ಬೆಳಿಗ್ಗೆ ಹಾಲ್‌ನಲ್ಲೇ ಹೇಳಿದರು. ಗುರುವಾರ, ಒಂದೇ ದಿನ, ಒಂದೇ ಶಾಟ್. ಅಕ್ಕನದು.

ಮಧ್ಯಾಹ್ನ ಜಾಗ ನೋಡಲು ಸೌಂಡಿನವನು ಬಂದಿದ್ದ. ರೀಟೇಕ್ ಯಾಕೆ ಎಂದು ಕೇಳಿದೆ.

"ಸೌಂಡ್ ಕೆಟ್ಟಿದೆ ಸರ್. ಕುರ್ಚಿ ಅಡಿ ಒಂದು ಮೈಕ್ ಇಟ್ಟಿದ್ದೆ. ಮೊದಲ ದಿನಗಳು ಕ್ಲೀನ್ ಇದೆ. ಕೊನೆ ದಿನ ಮಾತ್ರ ಉಸಿರಾಟ ಬಂದಿದೆ. ಅಲ್ಲಿ ಯಾರೂ ಕೂತಿಲ್ಲ, ಆದ್ರೂ ಬಂದಿದೆ. ಅಜ್ಜಿ ಡೈಲಾಗ್ ಮೇಲೇ ಕೂತ್ಬಿಟ್ಟಿದೆ. ತೆಗೆಯೋಕಾಗ್ತಿಲ್ಲ."

"ಅಜ್ಜಿ ಉಸಿರೇ ಇರಬಹುದು."

"ಅಜ್ಜಿ ಕಾಲರ್‌ಗೆ ಬೇರೆ ಮೈಕ್ ಇತ್ತು ಸರ್. ಅದರಲ್ಲಿ ಅವರ ಉಸಿರು ಬೇರೆ ಇದೆ."

ಹೆಡ್‌ಫೋನ್ ಕೊಟ್ಟ. ಕೇಳಿದೆ. ದೂರದಿಂದ ನಡೆದು ಬಂದವರು ಕೂತು ದಣಿವಾರಿಸಿಕೊಳ್ಳುವ ಉಸಿರು. ಅಕ್ಕನ ಪ್ರಶ್ನೆ ಬಂದಾಗ ಅದು ನಿಲ್ಲುತ್ತದೆ. ಉತ್ತರ ಕೊಡಲು ಹೊರಟವರ ಹಾಗೆ.

ಎರಡನೆಯ ಮೂಲ ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಅಂದ: "ಗುರುವಾರ ಪಿನ್ ಬಿದ್ರೂ ಕೇಳಬೇಕು ಸರ್. ಶಾಟ್ ಆದ್ಮೇಲೂ ಒಂದಿಷ್ಟು ಹೊತ್ತು ಬರೀ ರೂಮಿನ ಸದ್ದು ರೆಕಾರ್ಡ್ ಮಾಡ್ತೀನಿ. ಯಾರೂ ಮಾತಾಡಂಗಿಲ್ಲ."

ಇವತ್ತೂ ಅಕ್ಕನನ್ನೇ ಕೇಳಿದರು. ಎಂಗೇಜ್.

ಮಾರ್ಚ್ ೨೫, ಮಂಗಳವಾರ

ಅಕ್ಕನ ಮಗಳಿಗೆ ಫೋನ್ ಮಾಡಿದೆ. ಶೂಟಿಂಗಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವಳು ಅವಳು.

"ಗುರುವಾರ ಒಂದು ದಿನ ಅಮ್ಮನ್ನ ನಿಮ್ಮನೇಗೆ ಕರ್ಕೊಂಡು ಹೋಗಮ್ಮ."

"ಶೂಟಿಂಗ್ ದಿನಾನೇ ಯಾಕೆ ಮಾವ? ಅಮ್ಮ ಎಷ್ಟು ಖುಷಿಯಾಗಿದ್ರು. ಫೋನಲ್ಲಿ ಬರೀ ಅದೇ ಮಾತು."

"ಅವಳಿಗೆ ಸುಸ್ತಾಗತ್ತೆ."

"ಹೆಡ್ ಸಿಸ್ಟರ್ ಹೇಳಿದ್ರು, ನೀವು ಈಚೆಗೆ ಸರಿಯಾಗಿ ಊಟ ಮಾಡ್ತಿಲ್ಲವಂತೆ. ಕುರ್ಚಿ ಬಗ್ಗೆ ಏನೇನೋ... ಮಾವ, ನೀವೊಂದ್ಸಲ ಡಾಕ್ಟರ್‌ಗೆ ತೋರಿಸ್ಕೊಳ್ಳಿ. ನಂಗೋಸ್ಕರ."

ಆಯ್ತು ಎಂದು ಇಟ್ಟೆ.

ಅಕ್ಕನನ್ನೇ ಕೇಳಿದೆ, ಗುರುವಾರ ಸಂಜೆ ಪಾರ್ಕಿಗೆ ಹೋಗೋಣವಾ ಎಂದು. "ನಾಲ್ಕಕ್ಕಾ? ಡ್ಯೂಟಿ ಬಿಟ್ಟು?" ಎಂದಳು. ಎತ್ತಿಕೊಂಡು ಹೋಗುವ ಶಕ್ತಿ ನನಗಿಲ್ಲ. ಇದ್ದರೂ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡರೆ ಬಿಡುವವಳಲ್ಲ.

ಸಂಜೆ ಡೈರೆಕ್ಟರ್ ಹುಡುಗಿಯೇ ಬಂದಳು. ಅವಳಿಗೆ ಎಲ್ಲ ಹೇಳಿದೆ. ಕರ್ನಲ್, ಬಾಲ್ಕನಿ ಅಜ್ಜಿ, ಟೀಚರ್ ಫೋನು, ಕುಶನ್, ಉಸಿರು. ಒಂದಾದ ಮೇಲೆ ಒಂದು, ದಿನಾಂಕ ಸಮೇತ. ಅವಳು ನಗಲಿಲ್ಲ, ಅದು ಅವಳ ದೊಡ್ಡತನ. ಕಣ್ಣು ಮಾತ್ರ ಹೊಳೆಯಿತು. ಕಥೆ ಸಿಕ್ಕವರ ಕಣ್ಣು ನನಗೆ ಗೊತ್ತು. ನಾನೂ ಅದೇ ಕಸುಬಿನವನು.

"ಶಾಟ್ ಬಿಡೋಕಾಗಲ್ಲ ಅಂಕಲ್. ಅದಿಲ್ಲದೆ ಸಿನಿಮಾನೇ ಇಲ್ಲ. ಆದ್ರೆ ನಿಮಗೆ ಸಮಾಧಾನ ಆಗೋ ಹಾಗೆ ಏನು ಮಾಡ್ಲಿ ಹೇಳಿ."

"ನಾನು ಅವಳ ಪಕ್ಕ ಇರ್ತೀನಿ. ಮಾತಾಡ್ತಾ."

"ಮಾತಿಲ್ಲ. ಅಜ್ಜಿದು ಒಂದೇ ಡೈಲಾಗ್, ಆಮೇಲೆ ಸೈಲೆನ್ಸ್."

ಕೊನೆಗೆ ನಾನೇ ಹೇಳಿದೆ. ಕುರ್ಚಿ ಖಾಲಿ ಇರುವುದರಿಂದಲೇ ಅಲ್ಲವೇ ಅವರು ಬರುವುದು. ಖಾಲಿ ಇಲ್ಲದಿದ್ದರೆ? ನಾನು ಕೂರುತ್ತೇನೆ. ಬೆನ್ನು ಕ್ಯಾಮೆರಾಕ್ಕೆ. ಮುಖ ಕಾಣುವುದಿಲ್ಲ, ಮಾತಿಲ್ಲ.

ಅವಳು ಎದ್ದುಹೋಗಿ ಬಾಗಿಲಿಂದ ನೋಡಿದಳು. ಬೆರಳಲ್ಲಿ ಚೌಕಟ್ಟು ಮಾಡಿಕೊಂಡು ನೋಡಿದಳು. ಬಹಳ ಹೊತ್ತು.

"ಕೊನೇ ಶಾಟಲ್ಲಿ ಮಾತ್ರ ಕುರ್ಚಿಲಿ ಯಾರೋ ಇದ್ದಾರೆ... ಅಂಕಲ್, ಇದು ನಂಗ್ಯಾಕೆ ಹೊಳೀಲಿಲ್ಲ?"

ಮಾರ್ಚ್ ೨೬, ಬುಧವಾರ

ಇವತ್ತು ತಾಲೀಮು. ಲೈಟು ಹಾಕಿ ನೋಡಿದರು. ಕುರ್ಚಿಯಲ್ಲಿ ಕೂತೆ. ಬೆಳಿಗ್ಗೆ ಹೊತ್ತು, ಕುಶನ್ ತಣ್ಣಗಿತ್ತು. ಬರೀ ಸ್ಪಂಜು, ಬರೀ ಮರ. ಅಲ್ಲಿಂದ ಅಕ್ಕನ ಮುಖ ಪೂರ್ತಿ ಕಾಣುತ್ತದೆ. ಇಷ್ಟು ದಿನ ಅವರು ನೋಡುತ್ತಿದ್ದದ್ದು ಇದನ್ನು ಎಂದು ತಿಳಿಯಿತು. ಬನ್ನಿ ಎನ್ನುವಾಗ ಅವಳ ಮುಖದಲ್ಲಿ ಎಂಥ ಅಕ್ಕರೆ. ಯಾರೇ ಆದರೂ ದಿನಾ ಬಂದಾರು.

ಡೈರೆಕ್ಟರ್ ಒಂದೇ ಮಾತು ಹೇಳಿದಳು: "ಅಜ್ಜಿ ಏನು ಕೇಳಿದ್ರೂ ಉತ್ತರ ಕೊಡಬೇಡಿ ಅಂಕಲ್. ಕಟ್ ಅನ್ನೋವರೆಗೂ ಅಲುಗಾಡಬೇಡಿ."

ನಾಲ್ಕಕ್ಕೆ ಎಂದಿನಂತೆ ಅವಳ ಕೈ ಹಿಡಿದು ಮಾತಾಡಿದೆ. ಗಂಟಲು ಸತ್ತಿದೆ, ಪಿಸುಮಾತೇ ಹೊರಟಿದ್ದು. ಸಾಕಾಯಿತು. ಎಂಗೇಜ್ ಎಂದಳು.

ಈಗ ಊಟ ಮಾಡಿಸಿ ಬಂದೆ. ಸೂಪು, ಎರಡು ಸ್ಲೈಸ್ ಬ್ರೆಡ್. ಪೂರ್ತಿ ತಿಂದಳು. ಬಾಯಿ ಒರೆಸುವಾಗ ಕೇಳಿದಳು.

"ನಾಳೆ ಕುರ್ಚಿಲಿ ನೀನು ಕೂರ್ತೀಯಂತೆ?"

"ಹೂಂ. ನಾನೇ."

"ಮತ್ತೆ ಅವರು?"

"ಜಾಗ ಇಲ್ಲವಲ್ಲಕ್ಕಾ. ವಾಪಸ್ ಹೋಗ್ತಾರೆ."

ಅಕ್ಕ ನನ್ನ ಕೆನ್ನೆ ಸವರಿದಳು. ಚಿಕ್ಕವನಿಗೆ ಲೆಕ್ಕ ತಿಳಿಯದಿದ್ದಾಗ ಸವರುತ್ತಿದ್ದಳಲ್ಲ, ಹಾಗೆ.

"ನಾನೂ ಅದನ್ನೇ ಕೇಳ್ದೆ ಮರಿ, ಇವತ್ತು. ನಮ್ಮ ತಮ್ಮ ಕೂತಿರ್ತಾನೆ, ನೀವೆಲ್ಲಿ ಕೂರ್ತೀರಿ ಅಂತ. ಅವರಿಗೇನೂ ತೊಂದರೆ ಇಲ್ವಂತೆ. ಕೂತಿರೋರಲ್ಲೇ ಕೂತ್ಕೋತಾರಂತೆ."

ಹೊದಿಕೆ ಸರಿಮಾಡಿದೆ.

"ನಾಳೆ ಏನು ಕೇಳಿದ್ರೂ ಸುಮ್ನಿರು ಅಂದ್ರಲ್ಲ ಆ ಹುಡುಗಿ," ಎಂದಳು ಕಣ್ಣು ಮುಚ್ಚಿಕೊಂಡು. "ನೀನು ಸುಮ್ನೇ ಇರು. ಅವರು ಹೇಳ್ತಾರೆ, ನಿನ್ನ ಬಾಯಲ್ಲೇ."

ಡೈರೆಕ್ಟರ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಹೆಡ್ ಸಿಸ್ಟರ್‌ಗೆ ಹೇಳಿದೆ. ಹೌದು ಅಣ್ಣಾ ಎಂದರು. ಕುರ್ಚಿ ಖಾಲಿ ಬಿಟ್ಟರೆ ಅಕ್ಕನ ಮುಂದೆ ಅವರೊಬ್ಬರೇ, ಎಂಗೇಜ್ ಅನ್ನಿಸಲು ಮಾತಿಲ್ಲ. ನಾನು ಕೂತರೆ...

ನಾಳೆ ಮೂರಕ್ಕೆ ಮೇಕಪ್. ನಾಲ್ಕಕ್ಕೆ ಶಾಟ್.